ಹೆಸರು ಶಾಲೆಯಲ್ಲಿರಲಿ, ಪಾಠ ಮನೆಯಲ್ಲೂ ನಡೆಯಲಿ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕುಟುಂಬಗಳ ಸುದ್ದಿ ಈಗ ನಮ್ಮ ಗಡಿ ಊರುಗಳಿಗೂ ಬಂದಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನೆಂಟರು ಹಬ್ಬಕ್ಕೆ ಬಂದಾಗ ಮೊಬೈಲಿನಲ್ಲಿ ತೋರಿಸುತ್ತಾರೆ. ಅಲ್ಲಿ ಸೋಮವಾರ ಲೆಕ್ಕ, ಮಂಗಳವಾರ ಕೈತೋಟ, ಬುಧವಾರ ಓದು, ಶನಿವಾರ ಮ್ಯೂಸಿಯಮ್ಮಿಗೋ ಕೆರೆ ಏರಿಗೋ ಪ್ರವಾಸ. ನೋಡಿದವರಿಗೆ ಆಸೆಯಾಗುವುದು ಸಹಜ. ಬೆಳುಗುಪ್ಪ, ಕಲ್ಯಾಣದುರ್ಗ, ಹಿಂದೂಪುರದ ಕಡೆಯ ತಂದೆ-ತಾಯಂದಿರು ನನ್ನನ್ನು ಕೇಳುವುದೂ ಇದನ್ನೇ. “ಸಾರ್, ಕನ್ನಡ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಮೇಷ್ಟ್ರೂ ಸಾಲದು. ನಾವೂ ಮನೆಯಲ್ಲೇ ಓದಿಸಿಬಿಟ್ಟರೆ ಹೇಗೆ?”

ಕನ್ನಡ ಮತ್ತು ತಮಿಳು, ಎರಡೂ ಮಾಧ್ಯಮದ ಶಾಲೆಗಳನ್ನು ಕಂಡವನಾಗಿ ಹೇಳುತ್ತೇನೆ. ಆ ಕುಟುಂಬಗಳ ವಾರದ ಕ್ರಮವನ್ನು ಧಾರಾಳವಾಗಿ ನಿಮ್ಮ ಮನೆಗೆ ತನ್ನಿ. ಆದರೆ ಮಗುವಿನ ಹೆಸರನ್ನು ಕನ್ನಡ ಶಾಲೆಯ ಹಾಜರಿ ಪುಸ್ತಕದಿಂದ ತೆಗೆಸಬೇಡಿ.

ಒಂದು ಹೆಸರಿನ ಬೆಲೆ

ಏಕೆ ಎಂದು ಲೆಕ್ಕದಲ್ಲೇ ತಿಳಿಸುತ್ತೇನೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90 ಮಕ್ಕಳಿಗೆ ಮೂವರು. ಅಂದರೆ 61ನೆಯ ಮಗು ಬರಿಯ ಒಂದು ಮಗುವಲ್ಲ; ಮೂರನೆಯ ಮೇಷ್ಟ್ರನ್ನು ಕೇಳುವ ಹಕ್ಕು ಅದು. ನಿಮ್ಮ ಮಗು ಹೊರಗೆ ಬಂದರೆ ಉಳಿದವರ ಮಕ್ಕಳ ಪಾಠಕ್ಕೂ ಕೊರತೆಯಾಗುತ್ತದೆ. ಗಡಿಯ ಕನ್ನಡ ಶಾಲೆಗಳಲ್ಲಿ ಬಾಗಿಲು ಒಂದೇ ದಿನ ಮುಚ್ಚುವುದಿಲ್ಲ. ಮೊದಲು ಹೆಸರುಗಳು ಹೋಗುತ್ತವೆ, ಆಮೇಲೆ ಮೇಷ್ಟ್ರು ಹೋಗುತ್ತಾರೆ, ಕೊನೆಗೆ ಬೀಗ ಬೀಳುತ್ತದೆ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಪಾಠ ಸಿಗುವಂತೆ ನೋಡಿಕೊಳ್ಳಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. 1956ರಲ್ಲಿ, ಭಾಷಾವಾರು ಪ್ರಾಂತ್ಯಗಳಾದ ವರ್ಷವೇ, ಇದನ್ನು ಸೇರಿಸಿದರು. ಗಡಿ ಎಳೆದಾಗ ನಮ್ಮಂಥವರು ಆ ಕಡೆ ಈ ಕಡೆ ಉಳಿಯುತ್ತಾರೆಂದು ಆಗಲೇ ಗೊತ್ತಿತ್ತು. ಆದರೆ ಆ ಹಕ್ಕನ್ನು ಕೇಳಬೇಕಾದರೆ ಕೇಳುವ ಮಕ್ಕಳು ಶಾಲೆಯಲ್ಲಿರಬೇಕು.

ಶಾಲೆ ಬಿಡಿಸಿ ಮನೆಯಲ್ಲಿ ಓದಿಸುವವರು ಹತ್ತನೇ ತರಗತಿ ಪರೀಕ್ಷೆಯನ್ನು ರಾಷ್ಟ್ರೀಯ ಮುಕ್ತ ವಿದ್ಯಾಲಯ ಸಂಸ್ಥೆಯ ಮೂಲಕ ಕಟ್ಟಿಸಬಹುದು. 14 ವರ್ಷ ತುಂಬಿರಬೇಕು. ದಾರಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಮನೆಯಲ್ಲಿ ಹಗಲೆಲ್ಲ ಬಿಡುವಿರುವ, ಓದಿದ ಒಬ್ಬರು ಬೇಕು. ಕೂಲಿಗೆ, ಹೊಲಕ್ಕೆ, ಅಂಗಡಿಗೆ ಹೋಗುವ ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅದು ಸಾಧ್ಯ?

ಕನ್ನಡಕ್ಕೆ ಹೊಸದಲ್ಲ

ಮನೆಪಾಠದ ಬಗ್ಗೆ ಅಗೌರವದಿಂದ ಹೀಗೆ ಹೇಳುತ್ತಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದರು. 1930ರ ದಶಕದಲ್ಲೇ ‘ಬಾಲಪ್ರಪಂಚ’ ಎಂಬ ಮಕ್ಕಳ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಬರೆದರು. ಅವರ ಮಗ ಉಲ್ಲಾಸ ಕಾರಂತರ ಬಾಲ್ಯದ ಓದು ನಡೆದದ್ದು ಮನೆಯಲ್ಲೇ. ಮುಂದೆ ಅವರು ಎಂಜಿನಿಯರಿಂಗ್ ಓದಿ, ಆಮೇಲೆ ಹುಲಿಗಳ ಅಧ್ಯಯನದಲ್ಲಿ ಜಗತ್ತೇ ಗುರುತಿಸುವ ವಿಜ್ಞಾನಿಯಾದರು. ಕಾಡು, ಹಕ್ಕಿ, ಪುಸ್ತಕ, ನಾಟಕ ಎಲ್ಲವೂ ಪಾಠವಾದ ಮನೆ ಅದು.

ಇನ್ನೊಂದು ಕಡೆ ಅಮೆರಿಕದ ಕನ್ನಡ ಮನೆಗಳನ್ನು ನೋಡಿ. ಅಲ್ಲಿ ಮಕ್ಕಳು ವಾರವಿಡೀ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ, ವಾರಾಂತ್ಯದಲ್ಲಿ ಕನ್ನಡ ತರಗತಿಗೆ ಬರುತ್ತಾರೆ. ಪಾಠ ಮಾಡುವವರು ಹೆಚ್ಚಾಗಿ ತಂದೆ-ತಾಯಂದಿರೇ. ವಾರಕ್ಕೆ ಒಂದೆರಡು ಗಂಟೆಗಾಗಿ ಎಷ್ಟೋ ದೂರ ಕಾರು ಓಡಿಸಿಕೊಂಡು ಬರುತ್ತಾರೆ. ನಮಗೆ ಕನ್ನಡ ಶಾಲೆಯೇ ಇದೆ. ಅದರ ಜೊತೆಗೆ ವಾರದ ಮನೆಪಾಠವೂ ಸೇರಿದರೆ ನಮ್ಮ ಮಕ್ಕಳಿಗೆ ಎರಡೂ ಕೈಯಲ್ಲಿ ಬುತ್ತಿ.

ವಾರ ಹೇಗಿರಬೇಕು?

ದಿನಕ್ಕೆ ಅರ್ಧ ಗಂಟೆ ಸಾಕು, ಊಟಕ್ಕೆ ಮುಂಚೆ. ಇದನ್ನು ಟ್ಯೂಷನ್ ಮಾಡಬೇಡಿ. ಶಾಲೆಯ ಪಾಠವನ್ನೇ ಮತ್ತೆ ಬರೆಸುವುದು ಬೇಡ. ಕನ್ನಡದಿಂದ ಮನೆಯ ಒಂದೊಂದು ಕೆಲಸ ಆಗಬೇಕು, ಅಷ್ಟೇ.

ಸೋಮವಾರ ಗಟ್ಟಿಯಾಗಿ ಓದುವ ದಿನ. ಮಗು ದಿನಪತ್ರಿಕೆಯಿಂದ ಒಂದು ಸುದ್ದಿಯನ್ನು ಮನೆಮಂದಿಗೆಲ್ಲ ಕೇಳಿಸುವಂತೆ ಓದಲಿ. ತಪ್ಪಿದರೆ ನಡುವೆ ತಡೆಯಬೇಡಿ. ಮುಗಿದ ಮೇಲೆ “ಏನಾಯಿತಂತೆ?” ಎಂದು ಕೇಳಿ. ತನ್ನ ಮಾತಿನಲ್ಲಿ ಹೇಳಬಲ್ಲ ಮಗುವಿಗೆ ಅರ್ಥವಾಗಿದೆ ಎಂದು ತಿಳಿಯಿರಿ.

ಮಂಗಳವಾರ ಮನೆಯ ಲೆಕ್ಕ. ಕಿರಾಣಿ ಚೀಟಿ, ಹಾಲಿನ ಲೆಕ್ಕ, ಕರೆಂಟ್ ಬಿಲ್ಲು ಯಾವುದಾದರೂ ಸರಿ. ಕಡಲೆಕಾಯಿ ಬೆಳೆಯುವವರು ಒಂದು ಕಿಲೋ ಕಾಯಿ ಸುಲಿಸಿ, ಬೀಜವನ್ನು ತೂಗಿಸಿ. 700 ಗ್ರಾಂ ಬಂದರೆ ನೂರಕ್ಕೆ ಎಷ್ಟು? ಸಿಪ್ಪೆ ಎಷ್ಟು? ಈ ಲೆಕ್ಕ ಬಂದ ಮಗುವಿಗೆ ಶೇಕಡಾ ಪಾಠವನ್ನು ಮತ್ತೆ ಹೇಳಿಕೊಡಬೇಕಾಗಿಲ್ಲ.

ಬುಧವಾರ ನನಗೆ ಬಹಳ ಇಷ್ಟವಾದದ್ದು, ಮೂರು ಭಾಷೆಯ ಪದಗಳ ಆಟ. ಕನ್ನಡದಲ್ಲಿ ಹಾಲು, ತೆಲುಗಿನಲ್ಲಿ ಪಾಲು, ತಮಿಳಿನಲ್ಲಿ ಪಾಲ್. ನಮ್ಮ ಹುಲಿ ಆ ಎರಡರಲ್ಲೂ ಪುಲಿ. ನಮ್ಮ ಹಾವು ತೆಲುಗಿನಲ್ಲಿ ಪಾಮು, ತಮಿಳಿನಲ್ಲಿ ಪಾಂಬು. ಹೂ ತೆಲುಗಿನಲ್ಲಿ ಪುವ್ವು, ತಮಿಳಿನಲ್ಲಿ ಪೂ. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪೂ ಎಂದೇ ಹೇಳುತ್ತಿದ್ದೆವು. ಕಾಲ ಕಳೆದಂತೆ ಕನ್ನಡದಲ್ಲಿ ಪದದ ಮೊದಲಿನ ‘ಪ’ಕಾರ ‘ಹ’ಕಾರವಾಯಿತು. ಈ ಒಂದು ಸೂತ್ರ ಹಿಡಿದುಕೊಟ್ಟರೆ ಮಕ್ಕಳು ತಾವೇ ಪದ ಹುಡುಕಿ ತರುತ್ತಾರೆ. ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಇರುವ ಮಗು ಎರಡರ ನಡುವೆ ಸಿಕ್ಕಿಬಿದ್ದಿದೆ ಎಂದು ದೊಡ್ಡವರು ಕೊರಗುತ್ತಾರೆ. ಆ ಮಗುವಿನ ಹತ್ತಿರ ಎರಡು ಬೀಗದ ಕೈಗಳಿವೆ. ತೆಲುಗನ್ನು ಚೆನ್ನಾಗಿ ಕಲಿಯಲಿ. ಅದು ನಮ್ಮ ರಾಜ್ಯದ ಭಾಷೆ, ಅನ್ನದ ಭಾಷೆ. ಕನ್ನಡ ಬಿಟ್ಟು ಕಲಿಯಬೇಕಾಗಿಲ್ಲ.

ಗುರುವಾರ ಅಜ್ಜ-ಅಜ್ಜಿಯ ಪಾಠ. ಗಾದೆ, ಒಗಟು, ಬಿತ್ತನೆಯ ಮಾತು, ಮದುವೆಯ ಶಾಸ್ತ್ರ, ಬರಗಾಲದ ನೆನಪು ಏನಾದರೂ ಆಗಲಿ. ಅಜ್ಜಿ ಹೇಳಲಿ, ಮಗು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. “ನನಗೆ ಓದು ಬರಲ್ಲ, ನಾನೇನು ಹೇಳಿಕೊಡಲಿ?” ಎನ್ನುವ ತಾಯಂದಿರಿಗೂ ಇದೇ ನನ್ನ ಉತ್ತರ. ನೀವು ಹೇಳುವವರು, ಮಗು ಬರೆಯುವವರು. ವರ್ಷ ಮುಗಿಯುವಾಗ ಆ ನೋಟ್‌ಬುಕ್ಕು ನಿಮ್ಮ ಮನೆಯ ಪುಸ್ತಕವಾಗಿರುತ್ತದೆ.

ಶುಕ್ರವಾರ ಒಂದು ಕಾಗದ. ಬಳ್ಳಾರಿಯಲ್ಲೋ ಪಾವಗಡದಲ್ಲೋ ಇರುವ ಸೋದರಮಾವನಿಗೆ, ಅತ್ತೆಗೆ ಕನ್ನಡದಲ್ಲಿ ಹತ್ತು ಸಾಲು. ಅಂಚೆಗೆ ಹಾಕುವ ಕೆಲಸವೂ ಮಗುವಿನದೇ. ವಿಳಾಸ, ಪಿನ್‌ಕೋಡ್, ಸ್ಟಾಂಪು ಎಲ್ಲ ಪಾಠವೇ. ಉತ್ತರ ಬರೆಯಲೇಬೇಕೆಂದು ನೆಂಟರಿಗೆ ಮೊದಲೇ ಫೋನು ಮಾಡಿ ಹೇಳಿಡಿ.

ಶನಿವಾರ ಬಿಡುವು. ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೈಕೆಲಸ.

ಮಳೆ, ಹೊಲ, ಡಬ್ಬಿ

ಅನಂತಪುರ ಸೀಮೆಯ ವರ್ಷದ ಮಳೆ ಸರಾಸರಿ ಸುಮಾರು 550 ಮಿ.ಮೀ. ಮಳೆಯ ಬೆಲೆ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದನ್ನು ಅಳೆಯುವುದನ್ನು ಮಕ್ಕಳು ಕಲಿಯಲಿ. ಬುಡದಿಂದ ಬಾಯಿವರೆಗೆ ಒಂದೇ ಅಗಲವಿರುವ, ತಳ ಸಮನಾಗಿರುವ ಡಬ್ಬಿಯನ್ನು ಬಯಲಲ್ಲಿ, ಮರ-ಗೋಡೆಗಳಿಂದ ದೂರ ಇಡಿ. ಮಳೆ ನಿಂತ ಮೇಲೆ ಸ್ಕೇಲಿನಿಂದ ನೀರಿನ ಎತ್ತರ ಅಳೆಯಲಿ. ಅಷ್ಟೇ ಮಿಲಿಮೀಟರ್ ಮಳೆ. ಒಂದು ಚದರ ಮೀಟರಿಗೆ 1 ಮಿ.ಮೀ. ಬಿದ್ದರೆ 1 ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಹಾಗಾದರೆ 10 ಮಿ.ಮೀ. ಮಳೆಗೆ ನಮ್ಮ ಎರಡು ಎಕರೆಗೆ ಬಂದ ನೀರೆಷ್ಟು? ಸುಮಾರು 81 ಸಾವಿರ ಲೀಟರ್! ಬದು ಏಕೆ ಹಾಕಬೇಕೆಂದು ಮಗು ತಾನೇ ಹೇಳುತ್ತದೆ.

ಹೊಲದಲ್ಲಿ ಒಂದು ಕಡಲೆಕಾಯಿ ಗಿಡವನ್ನು ಬೇರುಸಹಿತ ಕಿತ್ತು ತೋರಿಸಿ. ಹೂ ಬಿಡುವುದು ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಹೂವಿನ ಬುಡದಿಂದ ಸೂಜಿಯಂತೆ ತೊಟ್ಟು ಬೆಳೆದು ಮಣ್ಣಿಗೆ ಇಳಿಯುವುದನ್ನು ಮಕ್ಕಳು ಕಣ್ಣಾರೆ ನೋಡಲಿ. ಬೇರಿನ ಗಂಟುಗಳನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣವಿರುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಒದಗಿಸುವ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿರುವ ಗುರುತು ಅದು. ವಿಜ್ಞಾನದ ಪುಸ್ತಕದಲ್ಲಿರುವ ಚಿತ್ರ ಹೊಲದಲ್ಲಿ ಸಿಕ್ಕಿತಲ್ಲವೇ?

ತಿಂಗಳಿಗೊಂದು ಪ್ರವಾಸ

ಪ್ರವಾಸ ಎಂದರೆ ಖರ್ಚು ಎಂದು ಹೆದರಬೇಡಿ. ಮೊದಲ ತಿಂಗಳು ನಿಮ್ಮೂರಿನ ಕೆರೆ, ಗುಡಿ, ಕಲ್ಲುಗಳೇ ಸಾಕು. ಊರಿನ ಹೆಸರು ಹೇಗೆ ಬಂತೆಂದು ಮೂವರು ಹಿರಿಯರನ್ನು ಮಗು ಕೇಳಿ ಬರಲಿ. ಮೂರು ಉತ್ತರ ಸಿಕ್ಕರೆ ಮೂರನ್ನೂ ಬರೆಯಲಿ. ಬಸ್ಸಿನ ಬೋರ್ಡಿನಲ್ಲಿ ಹಿರೇಹಾಳು ಎಂದು ಕಂಡರೆ ‘ಹಿರೇ’ ಯಾವ ಭಾಷೆಯದೆಂದು ಕೇಳಿ.

ಕಲ್ಯಾಣದುರ್ಗದ ಕಡೆಯವರು ಕಂಬದೂರಿಗೆ ಹೋಗಬಹುದು. ಅಲ್ಲಿ ಹಳೆಯ ಮಲ್ಲಿಕಾರ್ಜುನ ದೇವಾಲಯವಿದೆ. ಅದೇ ಸೀಮೆಯ ರಾಳ್ಲಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದವರು ರಾಳ್ಲಪಲ್ಲಿ ಅನಂತಕೃಷ್ಣ ಶರ್ಮರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಕಲಿಸಿದರು, ಕನ್ನಡದಲ್ಲೂ ಬರೆದರು, ಸಂಗೀತದಲ್ಲೂ ದೊಡ್ಡ ಹೆಸರು. ನಮ್ಮ ನೆಲದ ಮಗು ಎರಡು ಭಾಷೆಯಲ್ಲಿ ಎಷ್ಟು ಎತ್ತರಕ್ಕೆ ಹೋಗಬಹುದು ಎನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ರಾಯದುರ್ಗದ ಕಡೆಯವರು ವೇದಾವತಿಯ ಭೈರವಾನಿತಿಪ್ಪ ಅಣೆಕಟ್ಟೆಗೆ ಹೋಗಿ ಬನ್ನಿ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರಕ್ಕೂ ಇದೇ ಹೊಳೆ. ಕರ್ನಾಟಕದಿಂದ ಆಂಧ್ರಕ್ಕೆ ಬಂದು, ಹಗರಿ ಎಂದು ಕರೆಸಿಕೊಂಡು, ಮತ್ತೆ ಬಳ್ಳಾರಿ ಸೀಮೆಗೆ ಹೋಗಿ ತುಂಗಭದ್ರೆಯನ್ನು ಸೇರುತ್ತದೆ. ಮಗು ಈ ಹೊಳೆಯ ನಕ್ಷೆಯನ್ನು ಕೈಯಲ್ಲಿ ಬರೆಯಲಿ, ಗಡಿಯ ಗೆರೆಯನ್ನು ಬೇರೆ ಬಣ್ಣದಲ್ಲಿ ಎಳೆಯಲಿ. ಆಗಲೇ ಚರಿತ್ರೆಯನ್ನೂ ಹೇಳಿ. 1882ರವರೆಗೆ ಅನಂತಪುರ ಬಳ್ಳಾರಿ ಜಿಲ್ಲೆಯೊಳಗೇ ಇತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಸೇರಿತು. ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಬಂದವು. “ನಮ್ಮಲ್ಲಿ ಕನ್ನಡ ಶಾಲೆ ಏಕಿದೆ?” ಎಂಬ ಮಗುವಿನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಉಳಿದರ್ಧ ಉತ್ತರ ಕಲ್ಲಿನ ಮೇಲಿದೆ. ಮಡಕಶಿರದ ಆಚೆಯ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅವರ ಶಾಸನಗಳ ಭಾಷೆ ಕನ್ನಡ. ಹಿಂದೂಪುರಕ್ಕೆ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಯ ವೀರಭದ್ರ ದೇವಾಲಯ ವಿಜಯನಗರದ ಅಚ್ಯುತದೇವರಾಯನ ಕಾಲದ್ದು (1529–1542). ಅಲ್ಲೂ ಕನ್ನಡ ಶಾಸನಗಳಿವೆ. ಎಲ್ಲರೂ ನೆಲಕ್ಕೆ ಪೂರ್ತಿ ತಾಗದ ಕಂಬದ ಕೆಳಗೆ ಬಟ್ಟೆ ತೂರಿಸಿ, ಫೋಟೊ ತೆಗೆದುಕೊಂಡು ಬಂದುಬಿಡುತ್ತಾರೆ. ನೀವು ಸ್ವಲ್ಪ ನಿಲ್ಲಿ. ಮಗು ಶಾಸನದ ಮುಂದೆ ಕೂತು ತನಗೆ ಗುರುತು ಸಿಗುವ ಅಕ್ಷರಗಳನ್ನು ಬರೆದುಕೊಳ್ಳಲಿ. ಕಲ್ಲನ್ನು ಮುಟ್ಟುವುದು, ಸುಣ್ಣ ಹಚ್ಚುವುದು ಬೇಡ. ಐದು ಅಕ್ಷರ ಸಿಕ್ಕರೂ ಸಾಕು. ಚಾವಣಿಯ ಚಿತ್ರಗಳಲ್ಲಿರುವ ಸೀರೆಯ ಅಂಚುಗಳನ್ನು ನೋಡಿ ಬರೆಯಲಿ. ಒಂದೇ ಕಲ್ಲಿನಲ್ಲಿ ಕಡೆದ ನಂದಿ ಸುಮಾರು 27 ಅಡಿ ಉದ್ದ. ಮಗು ಹೆಜ್ಜೆ ಹಾಕಿ ಅಳೆದು, ತನ್ನ ಹೆಜ್ಜೆಯ ಉದ್ದದಿಂದ ಗುಣಿಸಿ ನೋಡಲಿ.

ಹೊರಡುವ ಮುಂಚೆ ಮೂರು ಪ್ರಶ್ನೆ ಬರೆದುಕೊಂಡು ಹೋಗಬೇಕು, ಬಂದ ಮೇಲೆ ಒಂದು ಪುಟ ಬರೆಯಬೇಕು. ಇಷ್ಟಿದ್ದರೆ ಅದು ಪಾಠದ ಪ್ರವಾಸ.

ಶಾಲೆಗೂ ಒಯ್ಯಿರಿ

ಸುಗ್ಗಿಯ ದಿನಗಳಲ್ಲಿ, ಗುಳೆ ಹೋಗುವ ತಿಂಗಳುಗಳಲ್ಲಿ ಈ ಕ್ರಮ ತಪ್ಪುತ್ತದೆ. ತಪ್ಪಲಿ, ಮತ್ತೆ ಹಿಡಿಯಿರಿ. ವಾರಕ್ಕೆ ಐದು ದಿನ ಆಗದಿದ್ದರೆ ಎರಡು ದಿನ ಮಾಡಿ. ಅಕ್ಕಪಕ್ಕದ ಮೂರು ಮನೆಗಳು ಸೇರಿದರೆ ಇನ್ನೂ ಸುಲಭ: ಒಬ್ಬರ ಮನೆಯಲ್ಲಿ ಲೆಕ್ಕ, ಒಬ್ಬರ ಮನೆಯಲ್ಲಿ ಓದು, ಇನ್ನೊಬ್ಬರ ಮನೆಯ ಅಜ್ಜಿ ಎಲ್ಲರಿಗೂ ಅಜ್ಜಿ.

ಮಗು ಮನೆಯಲ್ಲಿ ಮಾಡಿದ್ದನ್ನು ಶಾಲೆಗೆ ಒಯ್ಯಲಿ. ಮಳೆಯ ಪಟ್ಟಿ, ಪದಗಳ ನೋಟ್‌ಬುಕ್ಕು, ಹೊಳೆಯ ನಕ್ಷೆ ಕಂಡರೆ ಯಾವ ಮೇಷ್ಟ್ರಿಗೂ ಸಂತೋಷವಾಗುತ್ತದೆ. ತರಗತಿಯ ಉಳಿದ ಮಕ್ಕಳೂ ಶುರುಮಾಡುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಮುಂದಿನ ಸಭೆಗೆ ಹೋಗಿ. ಪಠ್ಯಪುಸ್ತಕ ಬಂದಿದೆಯೇ, ಮೇಷ್ಟ್ರ ಹುದ್ದೆ ಖಾಲಿ ಇದೆಯೇ, ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರುಗಳಿವೆ ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಮಾಡಿ ಬನ್ನಿ.

ಈ ವಾರಕ್ಕೆ ಇಷ್ಟು ಮಾಡಿ ಸಾಕು: ಒಂದು 100 ಪುಟದ ನೋಟ್‌ಬುಕ್ಕು ತಂದುಕೊಡಿ. ಮೊದಲ ಪುಟದಲ್ಲಿ ಮಗು ತನ್ನ ಹೆಸರು, ಊರು, ಶಾಲೆಯ ಹೆಸರು ಬರೆಯಲಿ. ಗುರುವಾರ ಸಂಜೆ ಅಜ್ಜಿಯ ಪಕ್ಕದಲ್ಲಿ ಕೂರಿಸಿ.