ನ್ಯಾಯಶಾಸ್ತ್ರದ ಅಧ್ಯಾಪನ ಮತ್ತು ನಮ್ಮ ಸೀಮೆಯ ತರುಣರು

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ವಕೀಲನಾಗುವೆನೆಂದು ಹೊರಡುವ ಹುಡುಗರಿಗೆ ಕೊರತೆಯಿಲ್ಲ. ಆ ಶಾಸ್ತ್ರವನ್ನು ಕಲಿಸುವೆನೆಂದು ಹೊರಡುವವರು ಮಾತ್ರ ವಿರಳ. ತೆಂಗು, ಅಡಕೆ, ಈರುಳ್ಳಿಗಳ ಈ ನಾಡಿನಲ್ಲಿ ಪಹಣಿ, ಹದ್ದುಬಸ್ತು, ಪಾಲುವಿಭಾಗಗಳ ವ್ಯಾಜ್ಯವಿಲ್ಲದ ಊರನ್ನು ಹುಡುಕಬೇಕು. ಭದ್ರಾ ಮೇಲ್ದಂಡೆಯ ಸುರಂಗವು ಅಜ್ಜಂಪುರದ ಬಳಿ ಹಾದುಹೋದ ಮೇಲಂತೂ ಭೂಸ್ವಾಧೀನವೆಂಬ ಶಬ್ದವನ್ನು ಅರಿಯದ ರೈತನಿಲ್ಲ. ಇಷ್ಟು ವ್ಯಾಜ್ಯವುಳ್ಳ ಸೀಮೆಯಿಂದ ಕಾನೂನಿನ ಗುರುಗಳು ಏಕೆ ಹೊರಡಬಾರದು?

ಹಿಂದೆ ದೂರದ ನೆಪವಿತ್ತು. ಬೆಂಗಳೂರಿನಲ್ಲಿ ಸರಕಾರಿ ಲಾ ಕಾಲೇಜು ಸ್ಥಾಪಿತವಾದುದು 1948ರಲ್ಲಿ. ಅದಕ್ಕೆ ಮುಂಚೆ ನಮ್ಮವರು ಮದರಾಸು, ಪುಣೆ, ಮುಂಬಯಿಗಳಿಗೆ ಹೋಗಿ ಓದಿ ಬರುತ್ತಿದ್ದರು. ಇಂದು ತರೀಕೆರೆಯಲ್ಲಿ ರೈಲು ಹತ್ತಿದವನು ಶಿವಮೊಗ್ಗದ ಕಾನೂನು ಕಾಲೇಜಿಗೆ ಹೋಗಬಲ್ಲನು. 2009ರಿಂದ ಹುಬ್ಬಳ್ಳಿಯಲ್ಲಿ ಕಾನೂನಿಗೆಂದೇ ರಾಜ್ಯದ ವಿಶ್ವವಿದ್ಯಾಲಯವುಂಟು. ಮಾಧವ ಮೆನನ್ನರು ಕಟ್ಟಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು.

ದಾರಿಯು ದೀರ್ಘವೆಂಬುದೇನೋ ನಿಜ. ಪಿ.ಯು.ಸಿ. ಮುಗಿಸಿದವನು ಐದು ವರ್ಷದ ಕಾನೂನು ಪದವಿಯನ್ನು, ಇಲ್ಲವೆ ಮೂರು ವರ್ಷದ ಬೇರೊಂದು ಪದವಿಯ ಮೇಲೆ ಮತ್ತೆ ಮೂರು ವರ್ಷದ ಎಲ್‌ಎಲ್.ಬಿ.ಯನ್ನು ಪಡೆಯಬೇಕು, ಅದರ ಮೇಲೆ ಒಂದು ಅಥವಾ ಎರಡು ವರ್ಷದ ಎಲ್‌ಎಲ್.ಎಂ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 55 ಅಂಕ ಬರಬೇಕು. ಬಳಿಕ ನೆಟ್ ಅಥವಾ ರಾಜ್ಯದ ಕೆ-ಸೆಟ್ ಪರೀಕ್ಷೆ. ಕಾಯಂ ಸಹಾಯಕ ಪ್ರಾಧ್ಯಾಪಕನ ಆರಂಭದ ಮೂಲವೇತನ, ವಿಶ್ವವಿದ್ಯಾಲಯ ಅನುದಾನ ಆಯೋಗದ ಶ್ರೇಣಿಯಂತೆ, 57,700 ರೂಪಾಯಿ. ಆ ಕಾಯಂ ಹುದ್ದೆ ದೊರೆಯುವವರೆಗೆ ಅತಿಥಿ ಉಪನ್ಯಾಸಕನೆಂಬ ಹೆಸರಿನಲ್ಲಿ ಸವೆಯುವ ವರ್ಷಗಳನ್ನು ಮನೆಯ ಹಿರಿಯರು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಲೇಸು. ಅಣ್ಣನೊಬ್ಬನೇ ತೋಟ ನೋಡಿಕೊಂಡು ತಮ್ಮನನ್ನು ಓದಿಸುವ ಮನೆಗಳಿಗೆ ಇದು ಸಣ್ಣ ಮಾತಲ್ಲ.

ನಮ್ಮ ಆಕ್ಷೇಪಣೆ ಬೇರೆಡೆಯಲ್ಲಿದೆ. ಸಿವಿಲ್ ನ್ಯಾಯಾಧೀಶನಾಗಲು ಮೂರು ವರ್ಷದ ವಕೀಲಿಯಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ವಿಧಿಸಿತು. ಆ ನ್ಯಾಯಾಧೀಶನಿಗೆ ಪಾಠ ಹೇಳುವವನಿಗಾದರೋ ಒಂದು ದಿನದ ವಕೀಲಿಯೂ ಬೇಕಿಲ್ಲ! ಸಾಕ್ಷಿಯು ಪಾಟೀಸವಾಲಿನಲ್ಲಿ ತಡವರಿಸುವುದನ್ನು ಕಣ್ಣಾರೆ ಕಾಣದವನು ಸಾಕ್ಷ್ಯದ ಕಾನೂನನ್ನು ಹೇಗೆ ಕಲಿಸಿಯಾನು? ಆದುದರಿಂದ ಪದವಿಯಾದೊಡನೆ ಎರಡು ಮೂರು ವರ್ಷ ಕಡೂರು ಅಥವಾ ತರೀಕೆರೆಯ ನ್ಯಾಯಾಲಯದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ದುಡಿಯುವುದು ಕಾಲಹರಣವಲ್ಲ. 1979ರ ನಿಯಮದಂತೆ, ವಕೀಲಿಯನ್ನು ಬಿಡದೆಯೇ ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಬೋಧಿಸಬಹುದೆಂಬುದು ನಮ್ಮ ತರುಣರಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಭಾಷೆಯ ತೊಡಕು ಇದಕ್ಕಿಂತ ಕಠಿನ. ತಾಲ್ಲೂಕು ನ್ಯಾಯಾಲಯದಲ್ಲಿ ಕಕ್ಷಿಗಾರನ ನುಡಿ ಕನ್ನಡ. ರಾಜ್ಯ ಕಾನೂನು ವಿಶ್ವವಿದ್ಯಾಲಯವು ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶವಿತ್ತಿದೆ. ಆದರೆ ಬೋಧಕನಾಗಬಯಸುವವನು ಬರೆಯಬೇಕಾದ ನೆಟ್ ಪರೀಕ್ಷೆಯ ನ್ಯಾಯಶಾಸ್ತ್ರ ಪತ್ರಿಕೆ ಇರುವುದು ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗೆ ಕನ್ನಡದಲ್ಲಿ ತಿಳಿಯಹೇಳುವ ಗುರುವು ಎಲ್ಲಿಂದ ಬರಬೇಕು? ಕಾನೂನು ಕಲಿಸಿ, ಬಳಿಕ ರೈತರ ನಡುವೆ ನಿಂತ ಎಂ. ಡಿ. ನಂಜುಂಡಸ್ವಾಮಿಯವರು 2004ರಲ್ಲಿ ಗತಿಸಿದರು. ಹಳ್ಳಿಯ ಜನರು ಇಂದಿಗೂ ಅವರನ್ನು ಪ್ರೊಫೆಸರೆಂದೇ ಕರೆಯುತ್ತಾರೆ. ಪರೀಕ್ಷೆಗಾಗಿ ಇಂಗ್ಲಿಷನ್ನು ಚೆನ್ನಾಗಿ ಕಲಿತು, ತರಗತಿಗಾಗಿ ಕನ್ನಡವನ್ನು ಉಳಿಸಿಕೊಂಡ ಒಬ್ಬಿಬ್ಬರಾದರೂ ಈ ಮೂರು ಊರುಗಳಿಂದ ಹೊರಟಾರೆ? ವಕೀಲರ ಸಂಘಗಳು ತಮ್ಮ ಪುಸ್ತಕಗಳನ್ನು ಅಂತಹವರಿಗೆ ಸಂಜೆಯ ಹೊತ್ತು ತೆರೆದಿಟ್ಟರೆ ಮೊದಲಿಗೆ ಅಷ್ಟು ಸಾಕು.