ಚುನಾವಣೆಯ ಮುನ್ನೆಣಿಕೆಯೂ ಹಿನ್ನೆಣಿಕೆಯೂ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕ್ಷೇತ್ರಗಳನ್ನು ಕುರಿತ ಒಂದು ವಿವೇಚನೆ

ಚುನಾವಣೆಯ ಫಲವನ್ನು ಮುಂಚಿತವಾಗಿ ಅರಿಯಬೇಕೆಂಬ ಕುತೂಹಲವು ಚುನಾವಣೆಯಷ್ಟೇ ಹಳೆಯದು. ಮತದಾನ ಮುಗಿದು ಎಣಿಕೆ ಆರಂಭವಾಗುವವರೆಗಿನ ದಿನಗಳಲ್ಲಿ ಹಾವೇರಿಯ ಬಸ್ ನಿಲ್ದಾಣದಲ್ಲಿ, ರಾಣೆಬೆನ್ನೂರಿನ ಬೀಜದ ಅಂಗಡಿಗಳಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕಿವಿಗೆ ಬೀಳುವ ಪ್ರಶ್ನೆ ಒಂದೇ: ಯಾರು ಬರುತ್ತಾರೆ? ಎಣಿಕೆ ಮುಗಿದ ಮರುದಿನ ಪ್ರಶ್ನೆ ಬದಲಾಗುತ್ತದೆ: ಯಾವ ಊರು ಯಾರಿಗೆ ಹಾಕಿತು? ಮೊದಲನೆಯದನ್ನು ಮುನ್ನೆಣಿಕೆಯೆಂದೂ ಎರಡನೆಯದನ್ನು ಹಿನ್ನೆಣಿಕೆಯೆಂದೂ ಈ ಲೇಖನದಲ್ಲಿ ಕರೆದಿದೆ. ಮತದಾನಕ್ಕೆ ಮೊದಲು ನಾವು ತಿಳಿಯಬಲ್ಲುದು ನಾವು ಭಾವಿಸುವುದಕ್ಕಿಂತ ಕಡಿಮೆ. ಎಣಿಕೆಯ ಅನಂತರ ತಿಳಿದುಬರುವುದು ಇರಬೇಕಾದುದಕ್ಕಿಂತ ಹೆಚ್ಚು. ಈ ಎರಡು ಮಾತುಗಳನ್ನು ಈ ಮೂರು ಕ್ಷೇತ್ರಗಳ ನಿದರ್ಶನದಿಂದ ವಿಶದಪಡಿಸುವುದೇ ಇಲ್ಲಿಯ ಉದ್ದೇಶ.

1. ಕ್ಷೇತ್ರಗಳ ಪೂರ್ವವೃತ್ತಾಂತ

ಪ್ರಥಮ ಮಹಾಚುನಾವಣೆಯ ಕಾಲಕ್ಕೆ ಈ ತಾಲ್ಲೂಕುಗಳು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿದ್ದುವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ, 1957ರಲ್ಲಿ ಇಲ್ಲಿಯ ಜನ ಮೊದಲ ಬಾರಿಗೆ ಮೈಸೂರು ವಿಧಾನಸಭೆಗೆ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ಆ ಎರಡು ಚುನಾವಣೆಗಳಲ್ಲಿ ಪ್ರತಿಯೊಬ್ಬ ಅಭ್ಯರ್ಥಿಗೂ ಆತನ ಚಿಹ್ನೆಯಿದ್ದ ಪ್ರತ್ಯೇಕ ಪೆಟ್ಟಿಗೆಯನ್ನಿಡುವ ಪದ್ಧತಿಯಿತ್ತು. ಒಂದೇ ಮತಪತ್ರದ ಮೇಲೆ ಮುದ್ರೆಯೊತ್ತುವ ಕ್ರಮವು 1962ರ ಮಹಾಚುನಾವಣೆಯ ಹೊತ್ತಿಗೆ ಬಂದಿತು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. 2008ರ ಕ್ಷೇತ್ರ ಪುನರ್ವಿಂಗಡಣೆಯಿಂದ ಹಾವೇರಿ ವಿಧಾನಸಭಾ ಕ್ಷೇತ್ರವು ಪರಿಶಿಷ್ಟ ಜಾತಿಯವರಿಗೆ ಮೀಸಲಾಯಿತು. ಧಾರವಾಡ ದಕ್ಷಿಣವೆಂಬ ಲೋಕಸಭಾ ಕ್ಷೇತ್ರವು ಹೋಗಿ, ಬೇರೆ ಎಲ್ಲೆಗಳುಳ್ಳ ಹಾವೇರಿ ಲೋಕಸಭಾ ಕ್ಷೇತ್ರವು ಬಂದಿತು. ಆದುದರಿಂದ 2008ಕ್ಕೆ ಹಿಂದಿನ ಅಂಕಿಗಳನ್ನು ಅನಂತರದವುಗಳೊಡನೆ ನೇರವಾಗಿ ಹೋಲಿಸಲಾಗದು. ಹೆಸರು ಒಂದೇ ಆಗಿದ್ದರೂ ನೆಲ ಒಂದೇ ಅಲ್ಲ.

2008ರಿಂದೀಚೆಗಿನ ಫಲಗಳನ್ನಷ್ಟೇ ನೋಡೋಣ. 2008ರಲ್ಲಿ ಮೂರು ಕ್ಷೇತ್ರಗಳನ್ನೂ ಭಾರತೀಯ ಜನತಾ ಪಕ್ಷವು ಗೆದ್ದಿತು. 2013ರಲ್ಲಿ ಮೂರನ್ನೂ ಕಾಂಗ್ರೆಸ್ ಗೆದ್ದಿತು. 2018ರಲ್ಲಿ ಹಾವೇರಿ, ಬ್ಯಾಡಗಿಗಳು ಭಾರತೀಯ ಜನತಾ ಪಕ್ಷಕ್ಕೆ ಸಂದವು. ರಾಣೆಬೆನ್ನೂರಿನಲ್ಲಿ ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷದ ಆರ್. ಶಂಕರ್ ಅವರು ಆಗ ವಿಧಾನಸಭೆಯ ಅಧ್ಯಕ್ಷರಾಗಿದ್ದ ಕೆ. ಬಿ. ಕೋಳಿವಾಡರನ್ನು ಸೋಲಿಸಿದರು. 2023ರಲ್ಲಿ ಮತ್ತೆ ಮೂರೂ ಕಾಂಗ್ರೆಸ್ಸಿಗೆ ಬಂದವು. ಈ ನಾಲ್ಕು ಫಲಗಳನ್ನು ಕಂಡವರು ‘ಗಾಳಿ ಬೀಸಿದ ಕಡೆಗೆ ಈ ನಾಡು ವಾಲುತ್ತದೆ’ ಎಂದು ಹೇಳುವುದುಂಟು. ಆದರೆ ಇದೇ ಅವಧಿಯಲ್ಲಿ, 2009, 2014, 2019, 2024ರ ನಾಲ್ಕೂ ಚುನಾವಣೆಗಳಲ್ಲಿ ಹಾವೇರಿ ಲೋಕಸಭಾ ಸ್ಥಾನವು ಭಾರತೀಯ ಜನತಾ ಪಕ್ಷದಲ್ಲಿಯೇ ಉಳಿದಿದೆ. ಈ ಲೋಕಸಭಾ ಕ್ಷೇತ್ರದೊಳಗಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಏಳನ್ನು 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಗೆದ್ದಿತ್ತು. ಒಂದು ವರ್ಷ ಕಳೆದ ಕೂಡಲೆ, 2024ರ ಜೂನ್ 4ರ ಎಣಿಕೆಯಲ್ಲಿ ಭಾರತೀಯ ಜನತಾ ಪಕ್ಷದ ಬಸವರಾಜ ಬೊಮ್ಮಾಯಿಯವರು ನಲವತ್ತು ಸಾವಿರಕ್ಕೂ ಹೆಚ್ಚಿನ ಅಂತರದಿಂದ ಲೋಕಸಭೆಗೆ ಆಯ್ಕೆಯಾದರು. ಅದೇ ಮತದಾರನು ಎರಡು ಚುನಾವಣೆಗಳಲ್ಲಿ ಎರಡು ಬಗೆಯ ತೀರ್ಮಾನವನ್ನು ಕೊಟ್ಟಾನೆಂಬುದನ್ನು ಮರೆತ ಮುನ್ನೆಣಿಕೆಯು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತದೆ.

2. ಮತವು ಸ್ಥಾನವಾಗುವ ಬಗೆ

ಮುನ್ನೆಣಿಕೆಯಲ್ಲಿ ಎರಡು ಕೆಲಸಗಳಿವೆ. ಪಕ್ಷಗಳಿಗೆ ಬೀಳುವ ಮತಗಳ ಪ್ರಮಾಣವನ್ನು ಅಂದಾಜು ಮಾಡುವುದು ಒಂದು. ಆ ಮತಗಳಿಂದ ದೊರೆಯುವ ಸ್ಥಾನಗಳನ್ನು ಅಂದಾಜು ಮಾಡುವುದು ಇನ್ನೊಂದು. ಮೊದಲನೆಯದು ಸರಿಯಾದ ಮಾತ್ರಕ್ಕೆ ಎರಡನೆಯದು ಸರಿಯಾಗುವುದೆಂಬ ಭರವಸೆಯಿಲ್ಲ.

ಕರ್ನಾಟಕದ ವಿಧಾನಸಭೆಯಲ್ಲಿ 224 ಸ್ಥಾನಗಳಿವೆ. 2013ರಲ್ಲಿ ಕಾಂಗ್ರೆಸ್ಸಿಗೆ ಬಂದ ಮತ ಶೇಕಡಾ 36ಕ್ಕಿಂತ ತುಸು ಹೆಚ್ಚು, ಸ್ಥಾನಗಳು 122. 2018ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಬಂದುದು ಸುಮಾರು ಶೇಕಡಾ 36, ಸ್ಥಾನಗಳು 104. 2023ರಲ್ಲಿ ಅದೇ ಪಕ್ಷಕ್ಕೆ ಮತ್ತೆ ಸುಮಾರು ಶೇಕಡಾ 36 ಬಂದಿತು. ಸ್ಥಾನಗಳು ಮಾತ್ರ 66ಕ್ಕೆ ಇಳಿದವು. ಶೇಕಡಾ 36 ಎಂಬ ಒಂದೇ ಅಂಕಿಯು ಒಮ್ಮೆ ಬಹುಮತವನ್ನೂ, ಒಮ್ಮೆ ಬಹುಮತದ ಹೊಸ್ತಿಲನ್ನೂ, ಒಮ್ಮೆ ವಿರೋಧಪಕ್ಷದ ಆಸನವನ್ನೂ ಕೊಟ್ಟಿದೆ.

ಇದರ ಕಾರಣವು ಉಳಿದ ಮತಗಳ ಹಂಚಿಕೆಯಲ್ಲಿದೆ. ಒಂದು ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿ ನಮ್ಮದು. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿಯಮವಿಲ್ಲ. 2013ರಲ್ಲಿ ಕಾಂಗ್ರೆಸ್ಸಿನ ಎದುರಿಗಿದ್ದ ಮತಗಳು ಚೂರುಚೂರಾಗಿದ್ದುವು. ಭಾರತೀಯ ಜನತಾ ಪಕ್ಷವನ್ನು ಬಿಟ್ಟು ಬಂದ ಬಿ. ಎಸ್. ಯಡಿಯೂರಪ್ಪನವರು 2012ರ ಡಿಸೆಂಬರ್ 9ರಂದು ಹಾವೇರಿಯಲ್ಲಿಯೇ ಕರ್ನಾಟಕ ಜನತಾ ಪಕ್ಷವನ್ನು ಉದ್ಘಾಟಿಸಿದ್ದರು. ಆ ಪಕ್ಷವು ರಾಜ್ಯದಲ್ಲಿ ಸುಮಾರು ಶೇಕಡಾ 10ರಷ್ಟು ಮತ ಪಡೆದು ಆರು ಸ್ಥಾನಗಳನ್ನಷ್ಟೇ ಗೆದ್ದಿತು. 2023ರಲ್ಲಿ ಆದುದು ಇದರ ವಿಪರ್ಯಯ. ಜಾತ್ಯತೀತ ಜನತಾದಳದ ಪಾಲು ಸುಮಾರು ಶೇಕಡಾ 18ರಿಂದ 13ಕ್ಕೆ ಇಳಿಯಿತು. ಕಾಂಗ್ರೆಸ್ಸಿನದು ಸುಮಾರು ಶೇಕಡಾ 38ರಿಂದ 43ಕ್ಕೆ ಏರಿತು. ಭಾರತೀಯ ಜನತಾ ಪಕ್ಷದ ಮತಪ್ರಮಾಣವು ಇದ್ದಲ್ಲಿಯೇ ಇದ್ದರೂ ಅದರ ಎದುರಾಳಿಯ ಬಲವು ಹೆಚ್ಚಿತ್ತು.

3. ಪೇಟೆಯ ಮಾತು ಮತ್ತು ಮಾದರಿಯ ಲೆಕ್ಕ

ಮತಗಳ ಪ್ರಮಾಣವನ್ನಾದರೂ ಸರಿಯಾಗಿ ತಿಳಿಯುವುದು ಸುಲಭವೆ? ಇಲ್ಲಿ ಬ್ಯಾಡಗಿಯ ಪೇಟೆಯೇ ಒಳ್ಳೆಯ ಪಾಠವನ್ನು ಹೇಳುತ್ತದೆ. ಚುನಾವಣೆಯ ಸುದ್ದಿಯನ್ನು ಅರಸಿ ಬರುವವರು ಮೊದಲು ಹೋಗುವುದು ಆ ಮಾರುಕಟ್ಟೆಗೆ. ಏಕೆಂದರೆ ಅಲ್ಲಿ ಜನರಿದ್ದಾರೆ, ಮಾತೂ ಇದೆ. ಆದರೆ ಮೆಣಸಿನಕಾಯಿ ಚೀಲಗಳೊಡನೆ ಅಲ್ಲಿ ಕುಳಿತ ರೈತರಲ್ಲಿ ಅನೇಕರು ಬಳ್ಳಾರಿ, ರಾಯಚೂರು ಜಿಲ್ಲೆಗಳಿಂದಲೂ ಆಂಧ್ರದಿಂದಲೂ ಬಂದವರು. ಅವರ ಮಾತು ಸತ್ಯವೇ ಇರಬಹುದು. ಮತ ಮಾತ್ರ ಬ್ಯಾಡಗಿಯದಲ್ಲ. ಕೇಳಿದವರ ಸಂಖ್ಯೆಗಿಂತ, ಯಾರನ್ನು ಕೇಳಿದೆವೆಂಬುದು ಮುಖ್ಯ.

ಸಂಖ್ಯೆಯೂ ಅಲಕ್ಷ್ಯ ಮಾಡತಕ್ಕುದಲ್ಲ. ಯಾವ ಒಲವೂ ಇಲ್ಲದೆ ಆರಿಸಿದ ಸಾವಿರ ಜನರನ್ನು ಕೇಳಿದರೆ ಅಂದಾಜಿನಲ್ಲಿ ಶೇಕಡಾ 3ರಷ್ಟು ಹೆಚ್ಚುಕಡಿಮೆ ಇರುತ್ತದೆಂದು ಸಂಖ್ಯಾಶಾಸ್ತ್ರವು ಹೇಳುತ್ತದೆ. ರಾಜ್ಯದಲ್ಲೆಲ್ಲ ಹತ್ತು ಸಾವಿರ ಜನರನ್ನು ಕೇಳಿದ ಸಮೀಕ್ಷೆಯೊಂದನ್ನು ಊಹಿಸೋಣ. ಅದನ್ನು 224 ಕ್ಷೇತ್ರಗಳಿಗೆ ಹಂಚಿದರೆ ಒಂದು ಕ್ಷೇತ್ರಕ್ಕೆ ಬರುವವರು ಸುಮಾರು 45 ಮಂದಿ. ಅಷ್ಟು ಜನರಿಂದ ಪಡೆದ ಅಂದಾಜಿನಲ್ಲಿ ಶೇಕಡಾ 15ರಷ್ಟು ಹೆಚ್ಚುಕಡಿಮೆ ಇರುತ್ತದೆ. ರಾಜ್ಯಕ್ಕೆ ಒಪ್ಪುವ ಸಮೀಕ್ಷೆಯು ರಾಣೆಬೆನ್ನೂರಿನ ವಿಷಯದಲ್ಲಿ ಮೂಕವಾಗುವುದು ಈ ಕಾರಣದಿಂದ. 2018ರಲ್ಲಿ ಅಲ್ಲಿ ಗೆದ್ದ ಪಕ್ಷವು ರಾಜ್ಯಮಟ್ಟದ ಲೆಕ್ಕಗಳಲ್ಲಿ ‘ಇತರರು’ ಎಂಬ ಒಂದೇ ಪದದಲ್ಲಿ ಅಡಗಿಹೋಗುವಷ್ಟು ಚಿಕ್ಕದಾಗಿತ್ತು.

ಇನ್ನು ಘಟನೆಗಳಿಂದ ಫಲವನ್ನು ಊಹಿಸುವವರೂ ಇದ್ದಾರೆ. 2008ರ ಜೂನ್ 10ರಂದು ರಸಗೊಬ್ಬರಕ್ಕಾಗಿ ಹಾವೇರಿಯಲ್ಲಿ ನೆರೆದಿದ್ದ ರೈತರ ಮೇಲೆ ಗೋಲೀಬಾರು ನಡೆದು ಇಬ್ಬರು ಮೃತರಾದರು. ಆಗ ಆಳುತ್ತಿದ್ದ ಪಕ್ಷವು ಒಂದು ವರ್ಷ ತುಂಬುವುದರೊಳಗೆ ಹಾವೇರಿ ಲೋಕಸಭಾ ಸ್ಥಾನವನ್ನು ಗೆದ್ದಿತು. 2013ರಲ್ಲಿ ಈ ಮೂರೂ ಕ್ಷೇತ್ರಗಳನ್ನು ಕಳೆದುಕೊಂಡಿತು. ಗೆಲುವನ್ನು ಕಂಡು ‘ಜನ ಮರೆತರು’ ಎನ್ನುವುದೂ, ಸೋಲನ್ನು ಕಂಡು ‘ಜನ ಮರೆತಿರಲಿಲ್ಲ’ ಎನ್ನುವುದೂ ಸುಲಭ. ಒಂದೇ ನೋವಿನಿಂದ ಎರಡು ವಿರುದ್ಧ ಫಲಗಳನ್ನು ಸಾಧಿಸಿ ತೋರಿಸುವ ವಾದವನ್ನು ಇತಿಹಾಸದ ವಿದ್ಯಾರ್ಥಿಯು ಶಂಕಿಸಬೇಕು.

4. ಐರ್ಲೆಂಡಿನ ಹೋಲಿಕೆ

ನಮ್ಮ ಪದ್ಧತಿಯ ದೋಷದಿಂದಲೇ ಮುನ್ನೆಣಿಕೆ ತಪ್ಪುವುದೆ ಎಂಬ ಸಂದೇಹ ಬರಬಹುದು. ಅದರ ಪರಿಹಾರಕ್ಕೆ ಐರ್ಲೆಂಡಿನ ಮಹಾಚುನಾವಣೆಯನ್ನು ನೋಡಬಹುದು. ಅಲ್ಲಿ ಒಂದೊಂದು ಕ್ಷೇತ್ರದಿಂದ ಮೂವರಿಂದ ಐವರವರೆಗೆ ಆಯ್ಕೆಯಾಗುತ್ತಾರೆ. ಮತದಾರನು ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯವನ್ನು ಬರೆಯುತ್ತಾನೆ. ನಮ್ಮ ಪದವೀಧರ ಕ್ಷೇತ್ರಗಳಿಂದ ವಿಧಾನಪರಿಷತ್ತಿಗೆ ನಡೆಯುವ ಚುನಾವಣೆಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ನಾಲ್ಕು ಸ್ಥಾನಗಳಿಗೆ 50,000 ಸಿಂಧು ಮತಗಳು ಬಿದ್ದರೆ, ಅದನ್ನು ಐದರಿಂದ ಭಾಗಿಸಿ ಒಂದನ್ನು ಕೂಡಿಸಿದ 10,001 ಗೆಲುವಿನ ಮಿತಿ. ಮಿತಿಯನ್ನು ಮೀರಿದವನ ಹೆಚ್ಚುವರಿ ಮತಗಳೂ ಕಡೆಯ ಸ್ಥಾನದವನ ಮತಗಳೂ ಮುಂದಿನ ಪ್ರಾಶಸ್ತ್ಯದವರಿಗೆ ವರ್ಗವಾಗುತ್ತ ಹೋಗುತ್ತವೆ.

2024ರ ನವೆಂಬರ್ 29ರಂದು ಅಲ್ಲಿ ಮತದಾನ ನಡೆಯಿತು. ಸುಮಾರು 5,000 ಮತದಾರರನ್ನು ಕೇಳಿದ ಮತಗಟ್ಟೆ ಸಮೀಕ್ಷೆಯು ಶಿನ್ ಫೇನ್ ಪಕ್ಷಕ್ಕೆ ಶೇಕಡಾ 21.1, ಫಿನ ಗೇಲ್ ಪಕ್ಷಕ್ಕೆ 21.0, ಫಿಯನ ಫಾಲ್ ಪಕ್ಷಕ್ಕೆ 19.5 ಎಂದು ಹೇಳಿತು. ಎಣಿಕೆಯಲ್ಲಿ ಬಂದ ಮೊದಲ ಪ್ರಾಶಸ್ತ್ಯದ ಮತಗಳು ಕ್ರಮವಾಗಿ ಸುಮಾರು 19.0, 20.8, 21.9. ಮೂರನೆಯದೆಂದು ಹೇಳಿದ ಪಕ್ಷವೇ ಮೊದಲನೆಯದಾಯಿತು. 174 ಸ್ಥಾನಗಳಲ್ಲಿ ಫಿಯನ ಫಾಲ್ 48, ಶಿನ್ ಫೇನ್ 39, ಫಿನ ಗೇಲ್ 38 ಪಡೆದವು. ಫಿನ ಗೇಲ್‌ಗೆ ಶಿನ್ ಫೇನ್‌ಗಿಂತ ಹೆಚ್ಚು ಮತ ಬಂದರೂ ಒಂದು ಸ್ಥಾನ ಕಡಿಮೆ. ಮತಕ್ಕೂ ಸ್ಥಾನಕ್ಕೂ ಇರುವ ಅಂತರವು ಅಲ್ಲಿ ನಮ್ಮಲ್ಲಿಗಿಂತ ಕಿರಿದು, ಇಲ್ಲವಾಗಿಲ್ಲ.

ಐರ್ಲೆಂಡಿನ ಇನ್ನೊಂದು ರೂಢಿ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಎಣಿಕೆಯ ಬೆಳಗ್ಗೆ ಒಂದೊಂದು ಊರಿನ ಪೆಟ್ಟಿಗೆಯನ್ನು ತೆರೆದು ಪತ್ರಗಳನ್ನು ಬಿಡಿಸುವಾಗ, ಕಟಕಟೆಯ ಹೊರಗೆ ನಿಂತ ಪಕ್ಷಗಳ ಕಾರ್ಯಕರ್ತರು ಮೊದಲ ಪ್ರಾಶಸ್ತ್ಯಗಳನ್ನು ಕಣ್ಣಿನಿಂದಲೇ ಎಣಿಸಿ ಗುರುತು ಹಾಕಿಕೊಳ್ಳುತ್ತಾರೆ. ವಿರೋಧಿಗಳೂ ತಮ್ಮ ಲೆಕ್ಕಗಳನ್ನು ಪರಸ್ಪರ ಹಂಚಿಕೊಳ್ಳುವುದುಂಟು. ಅಧಿಕೃತ ಎಣಿಕೆ ಒಂದು ದಿನದಲ್ಲಿ ಮುಗಿಯದಿದ್ದರೂ ಮಧ್ಯಾಹ್ನದ ಹೊತ್ತಿಗೆ ಚಿತ್ರವು ಸ್ಪಷ್ಟವಾಗಿರುತ್ತದೆ. 2002ರಲ್ಲಿ ಮೂರು ಕ್ಷೇತ್ರಗಳಲ್ಲಿ ಪ್ರಯೋಗಾರ್ಥವಾಗಿ ಮತಯಂತ್ರಗಳನ್ನು ತಂದಾಗ ಈ ಎಣಿಕೆದಾರರಿಗೆ ನೋಡಲು ಕಾಗದವೇ ಇರಲಿಲ್ಲ. ಆ ಪ್ರಯೋಗವನ್ನು ಮುಂದೆ ಕೈಬಿಡಲಾಯಿತು.

5. ಹಿನ್ನೆಣಿಕೆ ಮತ್ತು ಮತದ ಗುಟ್ಟು

ಅಲ್ಲಿ ಯಂತ್ರವು ಊರಿನ ಲೆಕ್ಕವನ್ನು ಮರೆಮಾಡಿತು; ಇಲ್ಲಿ ಯಂತ್ರವೇ ಅದನ್ನು ಬಯಲು ಮಾಡಿದೆ. ಹಾವೇರಿಯ ಹೊರವಲಯದ ದೇವಗಿರಿಯ ಸರಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ 2023ರ ಮೇ 13ರಂದು ಎಣಿಕೆ ನಡೆಯಿತು. ಅಂಚೆ ಮತಗಳ ಎಣಿಕೆ ಮೊದಲು ಆರಂಭವಾಗುತ್ತದೆ. ಅನಂತರ ಮೇಜುಗಳಿಗೆ ಯಂತ್ರಗಳು ಬರುತ್ತವೆ. ಒಂದು ಯಂತ್ರವೆಂದರೆ ಒಂದು ಮತಗಟ್ಟೆ. ಗುಂಡಿಯನ್ನೊತ್ತಿದ ಕೂಡಲೆ ಆ ಮತಗಟ್ಟೆಯಲ್ಲಿ ಯಾರಿಗೆಷ್ಟು ಎಂಬುದು ತೋರುತ್ತದೆ, ಏಜೆಂಟರು ಬರೆದುಕೊಳ್ಳುತ್ತಾರೆ. ಮತದಾನದ ಸಂಜೆ ತಮಗೆ ದೊರೆತ 17ಸಿ ನಮೂನೆಯೊಡನೆ ಒಟ್ಟು ಸಂಖ್ಯೆಯನ್ನು ತಾಳೆ ನೋಡುತ್ತಾರೆ. ಕಡೆಗೆ 20ನೆಯ ನಮೂನೆಯಲ್ಲಿ ಮತಗಟ್ಟೆವಾರು ಲೆಕ್ಕವು ಶಾಶ್ವತವಾಗಿ ದಾಖಲಾಗುತ್ತದೆ. ಎಣಿಕೆ ಸರಿಯಾಗಿದೆಯೆಂಬ ನಂಬಿಕೆಗೆ ಈ ಏರ್ಪಾಡು ಒಳ್ಳೆಯ ಆಧಾರವೆಂಬುದರಲ್ಲಿ ಸಂಶಯವಿಲ್ಲ.

ಆದರೆ ಚಿಕ್ಕ ಊರೊಂದರಲ್ಲಿ ಒಂದೇ ಮತಗಟ್ಟೆಯಿದ್ದು, ಮತದಾರರು ಕೆಲವೇ ನೂರು ಮಂದಿಯಾಗಿದ್ದರೆ, ವ್ಯಕ್ತಿಯ ಗುಟ್ಟು ಉಳಿದರೂ ಊರಿನ ಗುಟ್ಟು ಉಳಿಯುವುದಿಲ್ಲ. ಈ ಲೇಖಕನು ಈ ಭಾಗದ ಒಂದು ಹಳ್ಳಿಯಲ್ಲಿ ಕಿವಿಯಾರೆ ಕೇಳಿದ ಮಾತಿದು. ಓಣಿಯ ಗಟಾರವನ್ನು ಕಟ್ಟಿಸಿಕೊಡಿರೆಂದು ಕೇಳಲು ಬಂದ ವೃದ್ಧರೊಬ್ಬರಿಗೆ ಒಬ್ಬ ಸ್ಥಳೀಯ ಮುಂದಾಳು ಹೇಳಿದನು: “ಯಜಮಾನ್ರ, ನಿಮ್ಮ ಬೂತಿನ್ಯಾಗ ನಮಗ ಎಷ್ಟ್ ಬಿದ್ದಾವ ಅನ್ನೋದು ಗೊತ್ತೈತಿ. ಮೊದಲ ಅದನ್ನ ಹೇಳ್ರಿ, ಆಮ್ಯಾಲ ಗಟಾರದ ಮಾತು.” ವೃದ್ಧರು ಯಾರಿಗೆ ಮತ ಹಾಕಿದ್ದರೋ ಅವನು ಕೇಳಲಿಲ್ಲ, ಕೇಳುವ ಅಗತ್ಯವೂ ಅವನಿಗಿರಲಿಲ್ಲ. ಯಾವ ಪಕ್ಷದವನೆಂಬುದು ಇಲ್ಲಿ ಅಪ್ರಸ್ತುತ, ಏಕೆಂದರೆ ಈ ಲೆಕ್ಕವು ಎಲ್ಲ ಪಕ್ಷಗಳ ಕೈಯಲ್ಲಿಯೂ ಇದೆ.

ಕಾಗದದ ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು ಚುನಾವಣಾ ನಿಯಮಗಳಲ್ಲಿ ಅವಕಾಶವಿತ್ತು. ಯಂತ್ರಕ್ಕೂ ಅಂಥದೇ ಉಪಾಯವನ್ನು, ಅಂದರೆ ಹಲವು ಯಂತ್ರಗಳ ಮತಗಳನ್ನು ಕೂಡಿಸಿ ಮೊತ್ತವನ್ನಷ್ಟೇ ತೋರಿಸುವ ‘ಟೋಟಲೈಸರ್’ ಎಂಬ ಸಾಧನವನ್ನು, ಚುನಾವಣಾ ಆಯೋಗವು 2008ರಲ್ಲಿಯೇ ಸೂಚಿಸಿತು. ಕಾನೂನು ಆಯೋಗವು 2015ರ ತನ್ನ 255ನೆಯ ವರದಿಯಲ್ಲಿ ಅದನ್ನು ಅನುಮೋದಿಸಿತು. ಎಲ್ಲಿ ಹೆಚ್ಚು ಕೆಲಸ ಮಾಡಬೇಕೆಂಬುದನ್ನು ಅರಿಯಲು ಅಭ್ಯರ್ಥಿಗಳಿಗೆ ಮತಗಟ್ಟೆವಾರು ಲೆಕ್ಕವು ಉಪಯುಕ್ತವೆಂದು ಹೇಳಿ ಕೇಂದ್ರ ಸರಕಾರವು ಅದನ್ನು ಒಪ್ಪಲಿಲ್ಲ. ಆ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಸೋತ ಊರಿಗೆ ಹೆಚ್ಚು ಗಮನ ಕೊಡುವ ಪ್ರತಿನಿಧಿಯೂ ಇರಬಹುದು. ಆದರೆ ಗಟಾರಕ್ಕಾಗಿ ಬಂದ ವೃದ್ಧರ ಪಾಲಿಗೆ ಆ ಲೆಕ್ಕವು ವಿರುದ್ಧವಾಗಿ ನಿಂತಿತು.

6. ಉಪಸಂಹಾರ

ಮತದಾನ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆಗಳನ್ನು ಪ್ರಕಟಿಸಬಾರದೆಂದು 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮದ 126ಎ ಪ್ರಕರಣವು ವಿಧಿಸುತ್ತದೆ. ಹೀಗೆ ಮುನ್ನೆಣಿಕೆಗೆ ಒಂದು ಕಟ್ಟು ಇದೆ, ಹಿನ್ನೆಣಿಕೆಗೆ ಇಲ್ಲ. ವಿಚಾರಿಸಿ ನೋಡಿದರೆ ಕಟ್ಟಿನ ಅಗತ್ಯವು ಎರಡನೆಯದಕ್ಕೆ ಹೆಚ್ಚು. ತಪ್ಪಿದ ಮುನ್ನೆಣಿಕೆಯು ಎಣಿಕೆಯ ದಿನ ತಾನೇ ಸಾಯುತ್ತದೆ. ಸರಿಯಾದ ಹಿನ್ನೆಣಿಕೆಯು ಐದು ವರ್ಷ ಬದುಕಿರುತ್ತದೆ.

ಸಂಶೋಧಕರಿಗೆ 20ನೆಯ ನಮೂನೆಯು ಅಮೂಲ್ಯವಾದ ಆಕರ. ಅದನ್ನು ಬಿಟ್ಟು ನಮ್ಮ ಕಾಲದ ರಾಜಕೀಯ ಇತಿಹಾಸವನ್ನು ಬರೆಯಲಾಗದು. ಆದರೂ ಪ್ರಕಟಿಸುವಾಗ ಮತಗಟ್ಟೆಗಳನ್ನು ಹೋಬಳಿವಾರು ಕೂಡಿಸಿ ಕೊಡುವುದು ಯುಕ್ತವೆಂದು ಈ ಲೇಖಕನ ಅಭಿಪ್ರಾಯ. ಕಾಗಿನೆಲೆ ಹೋಬಳಿಯ ಒಲವು ಹೇಗೆ ಬದಲಾಯಿತೆಂಬುದನ್ನು ಹೇಳಿದರೆ ಇತಿಹಾಸಕ್ಕೆ ಸಾಕು. ಅದರೊಳಗಿನ ಒಂದು ಓಣಿಯನ್ನು ಬೆರಳಿಟ್ಟು ತೋರಿಸುವುದು ನಮ್ಮ ಕೆಲಸವಲ್ಲ. ಮುಂದಿನ ಚುನಾವಣೆಯಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಯಾರು ಗೆಲ್ಲುವರೆಂಬ ಪ್ರಶ್ನೆಗೆ ಈ ಲೇಖನದಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಕೊಡುವ ಮತದಾರನು ಅದನ್ನು ನಿರ್ಭಯವಾಗಿ ಕೊಡುವಂತಿರಬೇಕು. ಅದಕ್ಕೆ ಅವನ ಗುಟ್ಟಿನೊಡನೆ ಅವನ ಊರಿನ ಗುಟ್ಟೂ ಉಳಿಯಬೇಕು.