1997ರ ಕೊನೆಯ ದಿನ, 1987ರ ಚಿನ್ನ

ರಾಜರಾಜೇಶ್ವರಿನಗರದ ಹಿರಿಯ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರ ಕಬ್ಬಿಣದ ಬೀರುವಿನಲ್ಲಿ ಒಂದು ಪ್ರಮಾಣಪತ್ರ ಇಂದಿಗೂ ಭದ್ರವಾಗಿದೆ. ಅದು ಪದವಿಯದಲ್ಲ, ಸನ್ಮಾನದ್ದೂ ಅಲ್ಲ. ಬಚ್ಚಿಟ್ಟಿದ್ದ ಆದಾಯವನ್ನು ಒಪ್ಪಿಕೊಂಡು ತೆರಿಗೆ ಕಟ್ಟಿದ್ದಕ್ಕಾಗಿ ಆದಾಯ ತೆರಿಗೆ ಆಯುಕ್ತರು ನೀಡಿದ ಪತ್ರ ಅದು. ತಪ್ಪೊಪ್ಪಿಗೆಗೆ ಮೊಹರು ಒತ್ತಿ ಗೌರವಿಸಿದ ಆ ಯೋಜನೆಯ ಗಡುವು ಮುಗಿದದ್ದು 1997ರ ಡಿಸೆಂಬರ್ 31ರ ಬುಧವಾರ.

ಅಂದು ದೇಶದಲ್ಲಿ ಸುದ್ದಿಗೇನೂ ಬರವಿರಲಿಲ್ಲ. ಲೋಕಸಭೆ ವಿಸರ್ಜನೆಯಾಗಿ ನಾಲ್ಕು ವಾರಗಳೂ ಕಳೆದಿರಲಿಲ್ಲ. ಸೋನಿಯಾ ಗಾಂಧಿಯವರು ಚುನಾವಣಾ ಪ್ರಚಾರಕ್ಕೆ ಇಳಿಯುವರೆಂಬ ವಾರ್ತೆ ಆಗಷ್ಟೇ ಬಂದಿತ್ತು. ಆದರೆ ವರ್ತಕ ವಲಯದಲ್ಲಿ ಅಂದು ಚರ್ಚೆಯಾದದ್ದು ಒಂದೇ ವಿಷಯ: ಸ್ವಯಂಪ್ರೇರಿತ ಆದಾಯ ಘೋಷಣೆ ಯೋಜನೆ. ದೇವೇಗೌಡರು ಪ್ರಧಾನಿಯಾಗಿದ್ದಾಗ, ಫೆಬ್ರವರಿ 28ರ ಬಜೆಟ್ಟಿನಲ್ಲಿ ಪಿ. ಚಿದಂಬರಂ ಪ್ರಕಟಿಸಿದ ಈ ಯೋಜನೆ ಜಾರಿಗೆ ಬಂದದ್ದು ಜುಲೈ 1ರಂದು, ಐ.ಕೆ. ಗುಜ್ರಾಲರ ಕಾಲದಲ್ಲಿ. ವ್ಯಕ್ತಿಗಳಿಗೆ ಶೇಕಡಾ 30, ಕಂಪನಿ ಹಾಗೂ ಪಾಲುದಾರಿಕೆ ಸಂಸ್ಥೆಗಳಿಗೆ ಶೇಕಡಾ 35 ತೆರಿಗೆ. ಬಡ್ಡಿಯಿಲ್ಲ, ದಂಡವಿಲ್ಲ, ಹಣ ಎಲ್ಲಿಂದ ಬಂತೆಂದು ಕೇಳುವವರೂ ಇಲ್ಲ. ಮೂವತ್ತರಷ್ಟು ಕೊಟ್ಟರೆ ನೂರಕ್ಕೆ ನೂರು ನೆಮ್ಮದಿ ಎಂಬುದು ಜಾಹೀರಾತುಗಳ ಸಾರ.

ಆರು ತಿಂಗಳ ಅವಕಾಶವಿದ್ದರೂ ನಮ್ಮ ವ್ಯಾಪಾರಿಗೆ ಜ್ಞಾನೋದಯವಾದದ್ದು ಕೊನೆಯ ದಿನ ಬೆಳಿಗ್ಗೆ. ಅದರಲ್ಲಿ ಅಚ್ಚರಿಯೇನಿಲ್ಲ, ಗಡುವಿನ ಹಿಂದಿನ ದಿನವೇ ಕಾಗದ ತಂದುಕೊಡುವ ಕಕ್ಷಿದಾರನನ್ನು ಕಂಡ ಲೆಕ್ಕಪರಿಶೋಧಕರು ವಿರಳ. ರಾಜರಾಜೇಶ್ವರಿನಗರ ಆಗ ಇನ್ನೂ ಪಾಲಿಕೆಯ ಸರಹದ್ದಿನ ಹೊರಗಿತ್ತು. ಮನೆಗಳು ಏಳುತ್ತಿದ್ದ ಕಾಲವಾದ್ದರಿಂದ ಮೊಳೆ, ಬೀಗ, ಬಾಗಿಲ ಚಿಲಕಗಳಿಗೆ ಒಳ್ಳೆಯ ಗಿರಾಕಿಯಿತ್ತು. ಬಿಲ್ಲು ಕೇಳುವ ಗಿರಾಕಿ ಮಾತ್ರ ಕಡಿಮೆ.

ಆಡಿಟರು ಮನೆಗೇ ಬಂದು ಕುಳಿತರು. ವ್ಯಾಪಾರಿ ಬಾಗಿಲು ಮುಂದೆ ಮಾಡಿ, ನೂರು ಗ್ರಾಂ ಚಿನ್ನದ ಗಟ್ಟಿಯನ್ನು ಮೇಜಿನ ಮೇಲಿಟ್ಟರು.

“ಯಾವಾಗ ಕೊಂಡದ್ದು? ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ.”

ಈ ಪ್ರಶ್ನೆ ಔಪಚಾರಿಕವಾದುದಲ್ಲ. 1987-88 ಅಥವಾ ಅದಕ್ಕಿಂತ ಹಿಂದಿನ ಕರನಿರ್ಧರಣಾ ವರ್ಷಕ್ಕೆ ಸೇರಿದ ಚಿನ್ನವಾದರೆ ಅದರ ಮೌಲ್ಯವನ್ನು 1987ರ ಏಪ್ರಿಲ್ 1ರ ದರದಲ್ಲಿ ಲೆಕ್ಕ ಹಾಕಲು ಯೋಜನೆ ಅವಕಾಶ ನೀಡಿತ್ತು. ಆಗ ಹತ್ತು ಗ್ರಾಮಿಗೆ ಸುಮಾರು 2,570 ರೂಪಾಯಿ. 1997ರ ಕೊನೆಗೆ ನಾಲ್ಕು ಸಾವಿರದ ಆಸುಪಾಸು. ನೂರು ಗ್ರಾಮಿನ ಘೋಷಿತ ಮೌಲ್ಯ 25,700, ತೆರಿಗೆ 7,710. ಪೇಟೆಯಲ್ಲಿ ನಲವತ್ತು ಸಾವಿರ ಬಾಳುವ ಚಿನ್ನಕ್ಕೆ ಬೀಳುವ ತೆರಿಗೆ ಶೇಕಡಾ ಇಪ್ಪತ್ತನ್ನೂ ಮುಟ್ಟುವುದಿಲ್ಲ. ಸೊಗಸು ಇಲ್ಲಿಗೇ ಮುಗಿಯಲಿಲ್ಲ. ಅದನ್ನು ಮಾರಿದರೆ ಬಂಡವಾಳ ಲಾಭಕ್ಕಾಗಿ ವೆಚ್ಚ ಸೂಚ್ಯಂಕ ಅನ್ವಯಿಸಬೇಕು. 1987-88ರ ಸೂಚ್ಯಂಕ 150, 1997-98ರದು 331. ಅಂದರೆ 2,570 ರೂಪಾಯಿ ಲೆಕ್ಕದಲ್ಲಿ 5,671 ಆಗಿ ಹಿಗ್ಗುತ್ತದೆ. ಲಾಭದಲ್ಲಿ ಮಾರಿದ ಚಿನ್ನ ಕಾಗದದ ಮೇಲೆ ನಷ್ಟ ತೋರಿಸುತ್ತದೆ! ಇಷ್ಟು ಮಾಧುರ್ಯವಿದ್ದ ಮೇಲೆ, ನಿನ್ನೆ ಕೊಂಡ ಚಿನ್ನಕ್ಕೂ ಕೆಲವು ಕಡೆ ಹತ್ತು ವರ್ಷ ವಯಸ್ಸಾದುದರಲ್ಲಿ ಆಶ್ಚರ್ಯವಿಲ್ಲ. ಹೆಂಗಸರು ವಯಸ್ಸು ಕಡಿಮೆ ಹೇಳುತ್ತಾರೆಂದು ಹಾಸ್ಯ ಮಾಡುವ ಗಂಡಸರು ಆ ವರ್ಷ ಚಿನ್ನದ ವಯಸ್ಸನ್ನು ಧಾರಾಳವಾಗಿ ಹೆಚ್ಚಿಸಿದರು.

ನಮ್ಮ ವ್ಯಾಪಾರಿಯ ಸಂಕಟ ಬೇರೆಯದು. ಅವರ ಚಿನ್ನ ನಿಜವಾಗಿಯೂ ಹಳೆಯದು.

“ಎಂಬತ್ತಾರನೇ ಇಸವಿ, ವರಮಹಾಲಕ್ಷ್ಮಿ ಹಬ್ಬದ ವಾರ,” ಎಂದರು, ಹೆಮ್ಮೆಯಿಂದ, ಆದರೆ ಅಗತ್ಯಕ್ಕಿಂತ ತುಸು ಗಟ್ಟಿಯಾಗಿ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. “ರೀ, ಆ ಹಬ್ಬಕ್ಕೆ ನನಗೊಂದು ಸೀರೆ ತರೋಕೂ ದುಡ್ಡಿಲ್ಲ ಅಂದಿದ್ರಲ್ಲ?”

ಘೋಷಣೆಯ ವಿವರಗಳನ್ನು ಗೋಪ್ಯವಾಗಿಡುವ ಭರವಸೆಯನ್ನು 1997ರ ಹಣಕಾಸು ಅಧಿನಿಯಮವೇ ನೀಡಿತ್ತು. ಅಡುಗೆಮನೆಗೆ ಅದರ ವ್ಯಾಪ್ತಿ ಇರಲಿಲ್ಲ. ಸರ್ಕಾರದ ಮುಂದೆ ಸತ್ಯವಂತನಾಗಹೊರಟವರು ಮನೆಯಲ್ಲಿ ಹನ್ನೊಂದು ವರ್ಷಗಳ ಹಿಂದಿನ ಸುಳ್ಳಿಗೆ ಸಿಕ್ಕಿಬಿದ್ದರು. ತೆರಿಗೆ ಕಟ್ಟಲು ಘೋಷಣೆಯ ದಿನದಿಂದ ಮೂರು ತಿಂಗಳ ಕಾಲಾವಕಾಶವಿತ್ತು, ತಿಂಗಳಿಗೆ ಶೇಕಡಾ ಎರಡರ ಬಡ್ಡಿಯೊಡನೆ. ಸೀರೆಗೆ ಅಂತಹ ರಿಯಾಯಿತಿ ದೊರೆಯಲಿಲ್ಲ. ಅಂದು ಸಂಜೆ ರಾಣಿ ರಸ್ತೆಯ ತೆರಿಗೆ ಕಚೇರಿಗೆ ಹೋಗುವ ಮುನ್ನ ಸ್ಕೂಟರು ಚಿಕ್ಕಪೇಟೆಯಲ್ಲಿ ನಿಂತಿತ್ತು.

ನೆರೆಮನೆಯವರು ಬಿ.ಇ.ಎಂ.ಎಲ್. ಉದ್ಯೋಗಿ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿದುಕೊಂಡು ಬರುವ ಜಾತಿ. ಪ್ರಮಾಣಪತ್ರ ಬಂದಾಗ ಅದನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದರು. “ಯಜಮಾನರೇ, ಇಪ್ಪತ್ತು ವರ್ಷದಿಂದ ಒಂದು ಪೈಸೆ ಬಿಡದೆ ಕಟ್ಟಿದ್ದೀನಿ. ನನಗೆ ಆಯುಕ್ತರು ಇಂಥ ಕಾಗದ ಒಂದೂ ಕೊಟ್ಟಿಲ್ಲ,” ಎಂದರು. ನಗುತ್ತಲೇ ಹೇಳಿದರು. ವ್ಯಾಪಾರಿಗೆ ಮಾತ್ರ ನಗು ಬರಲಿಲ್ಲ. ಅವರು ಚಿನ್ನ ಕೊಂಡ ವರ್ಷ ಗರಿಷ್ಠ ತೆರಿಗೆ ದರ ಶೇಕಡಾ 50ರಷ್ಟಿತ್ತು. ಅಂದೇ ಪ್ರಾಮಾಣಿಕವಾಗಿ ಕಟ್ಟಿದವರು ಮೂರ್ಖರೆನಿಸಿದ್ದು ಈಗ, ಅದೂ ಸರ್ಕಾರದ ಖರ್ಚಿನಲ್ಲಿ.

ಒಟ್ಟು ಸುಮಾರು 4.75 ಲಕ್ಷ ಮಂದಿ 33,000 ಕೋಟಿ ರೂಪಾಯಿಗೂ ಹೆಚ್ಚು ಆದಾಯ ಘೋಷಿಸಿದರು; 9,700 ಕೋಟಿಗೂ ಮಿಕ್ಕಿ ತೆರಿಗೆ ಬಂತು. ಬೊಕ್ಕಸದ ದೃಷ್ಟಿಯಿಂದ ಯಶಸ್ಸೇ ಸರಿ. ಮಹಾಲೇಖಪಾಲರ ವರದಿ ಮಾತ್ರ ನೆರೆಮನೆಯವರ ಪಕ್ಷ ವಹಿಸಿ, ನಿಷ್ಠಾವಂತ ತೆರಿಗೆದಾರರಿಗೆ ಇದು ವಂಚನೆಯೆಂದು ಟೀಕಿಸಿತು. ಇಂತಹ ಯೋಜನೆಯನ್ನು ಮತ್ತೆ ತರುವುದಿಲ್ಲವೆಂದು ಸರ್ಕಾರ ಸುಪ್ರೀಂ ಕೋರ್ಟಿಗೆ ವಚನವನ್ನೂ ಕೊಟ್ಟಿತ್ತು.

2016ರ ಜೂನ್‌ನಲ್ಲಿ ಮತ್ತೊಂದು ಆದಾಯ ಘೋಷಣೆ ಯೋಜನೆ ಬಂತು. ಈ ಸಲ ಒಟ್ಟು ಹೊರೆ ಶೇಕಡಾ 45, ಆಸ್ತಿಯ ಮೌಲ್ಯ 2016ರ ಜೂನ್ 1ರ ದರದಲ್ಲಿ. ಚಿನ್ನಕ್ಕೆ ವಯಸ್ಸು ಹೆಚ್ಚಿಸಿ ಪ್ರಯೋಜನವಿರಲಿಲ್ಲ. ಆಡಿಟರು ವಾಡಿಕೆಯಂತೆ ರಾಜರಾಜೇಶ್ವರಿನಗರಕ್ಕೆ ಫೋನು ಮಾಡಿದರು. ಎತ್ತಿದವರು ವ್ಯಾಪಾರಿಯ ಪತ್ನಿ.

“ಈ ಸಲ ಘೋಷಿಸೋಕೆ ಏನೂ ಇಲ್ಲ ಸಾರ್. ಬೀರುವಿನ ಬೀಗದ ಕೈ ಈಗ ನನ್ನ ಹತ್ತಿರ ಇದೆ.”